ದಿನವೂ ಓಡುತ್ತೇನೆ, ಸಮಯ ಮಾತ್ರ ಇಳಿಯುತ್ತಿಲ್ಲ

ಪ್ರಶ್ನೆ: ಸೇನಾ ಭರ್ತಿಗೆ ತಯಾರಾಗುತ್ತಿದ್ದೇನೆ. ನಾಲ್ಕು ತಿಂಗಳಿಂದ ದಿನವೂ ಕಡೂರು ರಸ್ತೆಯಲ್ಲಿ ಐದಾರು ಕಿಲೋಮೀಟರ್ ಓಡುತ್ತೇನೆ, ಭಾನುವಾರ ಮುಳ್ಳಯ್ಯನಗಿರಿ. ಆದರೂ 1.6 ಕಿ.ಮೀ. ಓಟ ಆರು ನಿಮಿಷದ ಕೆಳಗೆ ಬರುತ್ತಿಲ್ಲ. ಈಗ ಮೊಣಕಾಲಿನ ಕೆಳಗೆ ಮೂಳೆ ಬೇರೆ ನೋಯುತ್ತಿದೆ. ಇನ್ನೂ ಹೆಚ್ಚು ಓಡಬೇಕೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಬೇಡ. ಕಡಿಮೆ ಓಡಿ, ಆದರೆ ಜೋರಾಗಿ ಓಡಿ.

ಭರ್ತಿಯಲ್ಲಿ ಓಟಕ್ಕಿರುವ 60 ಅಂಕ ಪೂರ್ತಿ ಸಿಗಬೇಕಾದರೆ ಈ ದೂರವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. 400 ಮೀಟರಿನ ನಾಲ್ಕು ಸುತ್ತು ಎಂದುಕೊಂಡರೆ ಸುತ್ತಿಗೆ 82 ಸೆಕೆಂಡು. ನೀವು ಈಗ 90ರಲ್ಲಿದ್ದೀರಿ. ಕೊರತೆ ಇಷ್ಟೇ, ಸುತ್ತಿಗೆ ಎಂಟು ಸೆಕೆಂಡು. ರಸ್ತೆಯ ಐದಾರು ಕಿಲೋಮೀಟರಿನಲ್ಲಿ ನೀವು ಒಮ್ಮೆಯಾದರೂ ಆ ವೇಗ ಮುಟ್ಟಿದ್ದೀರಾ? ಇಲ್ಲವೆಂದೇ ನನ್ನ ಊಹೆ. ದಮ್ಮು ಬಂದಿದೆ, ಕಾಲು ಮಾತ್ರ ನಿಧಾನದ ಓಟವನ್ನೇ ರೂಢಿ ಮಾಡಿಕೊಂಡಿದೆ.

ವಾರಕ್ಕೆ ಎರಡು ದಿನ ಮೈದಾನಕ್ಕೆ ಹೋಗಿ. ಮೊದಲು 200 ಮೀಟರನ್ನು 41 ಸೆಕೆಂಡಿನಲ್ಲಿ ಓಡಿ, ಉಸಿರು ಹದಕ್ಕೆ ಬರುವವರೆಗೆ ನಡೆದು, ಮತ್ತೆ ಓಡಿ. ಹೀಗೆ ಎಂಟು ಸಲ. ಮೂರು ವಾರ ಕಳೆದ ಮೇಲೆ 400 ಮೀಟರನ್ನು 82 ಸೆಕೆಂಡಿನಲ್ಲಿ ಐದಾರು ಸಲ. ಕೈಗಡಿಯಾರ ಇರಲಿ. ಭರ್ತಿಯಲ್ಲಿ ಗುಂಪಾಗಿ ಓಡಿಸುವುದರಿಂದ ಹುಡುಗರು ನೂಕುನುಗ್ಗಲಿನಲ್ಲಿ ಮೊದಲ ಸುತ್ತನ್ನು 70 ಸೆಕೆಂಡಿಗೇ ಮುಗಿಸಿ, ಮೂರನೆಯದರಲ್ಲಿ ಕಲ್ಲಾಗುತ್ತಾರೆ. ಗಡಿಯಾರ ನೋಡಿ ಓಡಿದವನಿಗೆ ಆ ಗತಿ ಬರುವುದಿಲ್ಲ.

ಇದೆಲ್ಲ ಶುರುವಾಗಬೇಕಾದದ್ದು ನೋವು ಹೋದ ಮೇಲೆ. ನಡೆದು ನಡೆದು ಸೈನಿಕರ ಪಾದ ಊದಿಕೊಳ್ಳುವುದನ್ನು ಪ್ರಷ್ಯದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ದಾಖಲಿಸಿದ್ದ. ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಡುವುದೇ ಅದಕ್ಕೆ ಕಾರಣವೆಂದು ಎಕ್ಸ್-ರೇ ಬಂದ ಮೇಲೆ ತಿಳಿಯಿತು. ಹೊಸದಾಗಿ ಸೇರಿದ ಸೈನಿಕರನ್ನು ಇಂದಿಗೂ ಕಾಡುವ ಪೆಟ್ಟು ಇದು, ನಿಮ್ಮ ಮೊಣಕಾಲಿನ ಕೆಳಗಿನ ನೋವಿಗೂ ಇದೇ ಕಾರಣವಿರಬಹುದು. ನೋವು ಮೂಳೆಯುದ್ದಕ್ಕೂ ಹರಡಿದ್ದರೆ ಎರಡು ವಾರದ ವಿಶ್ರಾಂತಿಗೆ ಬಗ್ಗೀತು. ಬೆರಳಿಟ್ಟು ತೋರಿಸುವಂತೆ ಒಂದೇ ಕಡೆ ಇದ್ದರೆ ಓಟ ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗಿ. ಆರಂಭದಲ್ಲಿ ಇಂಥ ಬಿರುಕು ಎಕ್ಸ್-ರೇಯಲ್ಲಿ ಕಾಣದೆಯೂ ಇರಬಹುದು, ‘ಏನೂ ಇಲ್ಲ’ ಎಂದ ಮಾತ್ರಕ್ಕೆ ಮಾರನೆಯ ದಿನವೇ ಡಾಂಬರು ರಸ್ತೆಗೆ ಇಳಿಯಬೇಡಿ.

ಗಿರಿಯನ್ನು ಬಿಡಬೇಕಾಗಿಲ್ಲ. 1,930 ಮೀಟರ್ ಎತ್ತರದ ಬೆಟ್ಟ ಮನೆಯ ಹಿಂದೆಯೇ ಇರುವ ಭಾಗ್ಯ ಎಷ್ಟು ಜನರಿಗಿದೆ! ಹತ್ತುವಾಗ ಓಡಿ, ಇಳಿಯುವಾಗ ನಡೆಯಿರಿ. ಮೂಳೆಗೆ ಪೆಟ್ಟು ಬೀಳುವುದು ಇಳಿಜಾರಿನಲ್ಲಿ.

ನೀವು ಕೇಳದೇ ಬಿಟ್ಟದ್ದೊಂದಿದೆ: ಬೀಮ್, ಅಂದರೆ ಅಡ್ಡಕಂಬಿಗೆ ಜೋತುಬಿದ್ದು ಮೈ ಮೇಲೆತ್ತುವ ಪರೀಕ್ಷೆ. ಹತ್ತು ಸಲ ಗದ್ದವನ್ನು ಕಂಬಿಯ ಮೇಲೇರಿಸಿದರೆ 40 ಅಂಕ. ಜಿಮ್ ಬೇಕಾಗಿಲ್ಲ, ತೋಟದ ಮನೆಯ ತೊಲೆ ಸಾಕು. ಗೆದ್ದಲು ಹಿಡಿದಿದೆಯೇ ಎಂದು ಮೊದಲು ತಟ್ಟಿ ನೋಡಿ.