ತಪ್ಪು ನಿಮ್ಮದೇ ಇರಲಿ, ಬರೆದು ಮಾತ್ರ ಕೊಡಬೇಡಿ

ಬೈತಕೋಲ ಬಂದರಿನ ಕಡೆಯಿಂದ ಬರಲಿ, ಹೆದ್ದಾರಿ ಕೆಲಸದಿಂದ ಬರಲಿ, ಕಾರ್ಖಾನೆಯಿಂದ ಬರಲಿ, ಕೈಗೋ ಕಾಲಿಗೋ ಪೆಟ್ಟು ಮಾಡಿಕೊಂಡು ಕಾರವಾರದ ನಮ್ಮ ಕಚೇರಿಗೆ ಬರುವವರ ಮೊದಲ ಮಾತು ಹೆಚ್ಚಾಗಿ ಒಂದೇ. "ತಪ್ಪು ನಂದೇ ಇತ್ತು ಸಾಹೇಬ್ರೆ." ನಾನು ಕೇಳಿರುವುದೇ ಇಲ್ಲ. ಅವರಾಗಿಯೇ ಹೇಳಿಬಿಡುತ್ತಾರೆ. ಒಳ್ಳೇ ಜನ, ಏನು ಮಾಡೋದು!

ಕೋಡಿಬಾಗ ಕಡೆಯ ಒಬ್ಬ ಹುಡುಗ ಒಂದು ಬಾಂಡ್ ಪೇಪರ್ ತಂದಿದ್ದ. ಕಬ್ಬಿಣ ಕತ್ತರಿಸುವ ಯಂತ್ರಕ್ಕೆ ಬಲಗೈ ಹೆಬ್ಬೆರಳು ಹೋಗಿತ್ತು. ಪೇಪರಿನಲ್ಲಿ ನೀಟಾಗಿ ಟೈಪ್ ಮಾಡಿತ್ತು: "ನನ್ನ ನಿಷ್ಕಾಳಜಿಯಿಂದಲೇ ಸದರಿ ಅಪಘಾತ ಸಂಭವಿಸಿದ್ದು, ಮಾಲೀಕರ ಮೇಲೆ ನನ್ನ ಯಾವುದೇ ತಕರಾರು ಇರುವುದಿಲ್ಲ." ಸಾಕ್ಷಿ ಹಾಕಿದ ಇಬ್ಬರೂ ಅದೇ ಮಾಲೀಕರ ಆಳುಗಳು. ಹುಡುಗನ ಸಹಿ ಮಾತ್ರ ಅಡ್ಡಾದಿಡ್ಡಿ, ಮೂರನೇ ಕ್ಲಾಸಿನ ಮಗು ಗೀಚಿದ ಹಾಗೆ. ಬಲಗೈಗೆ ಬ್ಯಾಂಡೇಜ್ ಇದ್ದಾಗ ಎಡಗೈಯಲ್ಲಿ ಹಾಕಿಸಿಕೊಂಡಿದ್ದರು. ಆಸ್ಪತ್ರೆ ಬಿಲ್ಲು ಮತ್ತು ಮೇಲೆ ನಲವತ್ತು ಸಾವಿರ ಕೊಟ್ಟು ವ್ಯವಹಾರ ಮುಗಿಸಿದ್ದರು.

ಈಗ ಲೆಕ್ಕ ಕೇಳಿ. 1923ರ ನೌಕರರ ಪರಿಹಾರ ಕಾಯ್ದೆಯ (ಈಗ ಇದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಅದನ್ನು ಕೊನೆಗೆ ಹೇಳುತ್ತೇನೆ) ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ 30 ಪರ್ಸೆಂಟ್ ಹೋದಂತೆ. ವಯಸ್ಸು ನೋಡಿ ಗುಣಿಸಲು ಕಾಯ್ದೆಯೇ ಒಂದು ಸಂಖ್ಯೆ ಕೊಡುತ್ತದೆ, ಅದು ಗುಣಕ. 30 ವರ್ಷ ವಯಸ್ಸಿಗೆ 207.98. ತಿಂಗಳ ಸಂಬಳ 15,000 ಎಂದು ಹಿಡಿದರೆ ಅದರ 60 ಪರ್ಸೆಂಟ್ 9,000. ಅದನ್ನು ಗುಣಕದಿಂದ ಗುಣಿಸಿ, ಬಂದದ್ದರ 30 ಪರ್ಸೆಂಟ್ ಎಷ್ಟು ನೋಡಿ. 5,61,546 ರೂಪಾಯಿ ಬರುತ್ತದೆ. ನಲವತ್ತು ಸಾವಿರ ಎಲ್ಲಿ, ಇದೆಲ್ಲಿ?

"ಆದ್ರೆ ಸಾಹೇಬ್ರೆ, ತಪ್ಪು ನಂದೇ ಅಲ್ವಾ? ನಾನೇ ಅವಸರ ಮಾಡಿದ್ದು." ಲೆಕ್ಕ ತೋರಿಸಿದ ಮೇಲೂ ಅದೇ ರಾಗ!

ಅಪ್ಪಾ, ಈ ಕಾಯ್ದೆ ತಪ್ಪು ಯಾರದು ಅಂತ ಕೇಳುವುದೇ ಇಲ್ಲ. ಕೆಲಸದಲ್ಲಿದ್ದಾಗ, ಕೆಲಸದ ಕಾರಣಕ್ಕೆ ಪೆಟ್ಟಾಯಿತೇ? ಅಷ್ಟೇ ಪ್ರಶ್ನೆ. ನಿಮ್ಮ ಗಮನ ತಪ್ಪಿತ್ತು, ರಾತ್ರಿ ನಿದ್ದೆ ಇರಲಿಲ್ಲ, ಪಕ್ಕದವನ ಜೊತೆ ಮಾತಾಡುತ್ತಿದ್ದಿರಿ. ಆದರೂ ಪರಿಹಾರ ಉಂಟು. ಕುಡಿದು ಕೆಲಸಕ್ಕೆ ಬಂದಿದ್ದರೆ, ಸುರಕ್ಷತೆಗೆಂದು ಸ್ಪಷ್ಟವಾಗಿ ಹೇಳಿದ ನಿಯಮವನ್ನು ಬೇಕೆಂದೇ ಮುರಿದಿದ್ದರೆ, ಯಂತ್ರದ ಕವಚವನ್ನು ಬೇಕೆಂದೇ ತೆಗೆದಿದ್ದರೆ ಮಾತು ಬೇರೆ. 'ಬೇಕೆಂದೇ' ಅನ್ನುವುದನ್ನು ಗಮನಿಸಿ. ಅವಸರ, ಮರೆವು ಇದರಲ್ಲಿ ಬರುವುದಿಲ್ಲ. ಸಾವೋ, ಪೂರ್ತಿ ಶಾಶ್ವತ ಅಂಗವಿಕಲತೆಯೋ ಆದರೆ ಈ ಮೂರು ತಕರಾರೂ ನಿಲ್ಲುವುದಿಲ್ಲ.

ಇದು ಯಾರೋ ಧರ್ಮಕ್ಕೆ ಕೊಟ್ಟದ್ದಲ್ಲ. 1837ರಲ್ಲಿ ಇಂಗ್ಲೆಂಡಿನಲ್ಲಿ ಪ್ರೀಸ್ಟ್‌ಲಿ ಎಂಬ ಹುಡುಗನ ಕೇಸು ನಡೆಯಿತು. ಮಾಂಸದಂಗಡಿಯಲ್ಲಿ ಆಳು. ಮಾಂಸ ಜಾಸ್ತಿ ಹೇರಿದ ಗಾಡಿ ಮುರಿದುಬಿದ್ದು ಅವನ ತೊಡೆಮೂಳೆ ಮುರಿಯಿತು. ಜ್ಯೂರಿಯವರು 100 ಪೌಂಡ್ ಕೊಡಿಸಿದರು. ಮೇಲಿನ ಕೋರ್ಟು ಅದನ್ನು ತೆಗೆದುಹಾಕಿತು. ಅಲ್ಲಿಂದ ಮುಂದೆ ಮಾಲೀಕರಿಗೆ ಮೂರು ಉತ್ತರ ರೆಡಿ ಇದ್ದವು: ನಿನ್ನದೂ ತಪ್ಪಿತ್ತು, ತಪ್ಪು ನಿನ್ನ ಜೊತೆಗಾರನದು, ಅಪಾಯ ಗೊತ್ತಿದ್ದೇ ನೀನು ಕೆಲಸಕ್ಕೆ ಬಂದೆ. ಹತ್ತಿ ಗಿರಣಿ, ರೈಲು, ಗಣಿ ಎಲ್ಲ ಬೆಳೆದದ್ದು ಈ ಮೂರು ಉತ್ತರಗಳ ನೆರಳಿನಲ್ಲಿ.

ಜರ್ಮನಿ 1884ರಲ್ಲಿ ಅಪಘಾತ ವಿಮೆ ತಂದಿತು. ಇಂಗ್ಲೆಂಡ್ 1897ರಲ್ಲಿ ಪರಿಹಾರ ಕಾಯ್ದೆ ಮಾಡಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಥೆ ಮಾತ್ರ ಹೊಟ್ಟೆ ಉರಿಸುತ್ತದೆ. ಅಲ್ಲಿ 1910ರಲ್ಲಿ ಇಂಥದೇ ಕಾಯ್ದೆ ಬಂತು. 1911ರ ಮಾರ್ಚ್ 24ರಂದು ಅಲ್ಲಿನ ದೊಡ್ಡ ಕೋರ್ಟು, ಮಾಲೀಕನ ತಪ್ಪಿಲ್ಲದೆ ಅವನಿಂದ ಹಣ ಕೊಡಿಸುವುದು ಸಂವಿಧಾನಕ್ಕೆ ವಿರೋಧ ಎಂದು ಅದನ್ನು ರದ್ದು ಮಾಡಿತು. ಮರುದಿನವೇ, ಮಾರ್ಚ್ 25ಕ್ಕೆ, ನ್ಯೂಯಾರ್ಕ್ ನಗರದ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಬಾಗಿಲಿಗೆ ಬೀಗ. 146 ಜನ ಸತ್ತರು, ಹೆಚ್ಚಿನವರು ಹೊಲಿಗೆ ಕೆಲಸದ ಹೆಣ್ಣುಮಕ್ಕಳು. ಮಾಲೀಕರು ಖುಲಾಸೆಯಾದರು. ಆಮೇಲೆ ಸಿವಿಲ್ ದಾವೆಗಳು ರಾಜಿಯಾದಾಗ ಒಂದು ಜೀವಕ್ಕೆ ಸಿಕ್ಕಿದ್ದು 75 ಡಾಲರ್. ಜನ ಸುಮ್ಮನಿರಲಿಲ್ಲ. 1913ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿ ಕಾಯ್ದೆಯನ್ನು ಮತ್ತೆ ತಂದರು. ಯಂತ್ರದ ಬೆಲ್ಟು ಹರಿದರೆ ಅದರ ಖರ್ಚು ಹೇಗೆ ಧಂದೆಯ ಖರ್ಚೋ, ಆಳಿನ ಕೈ ಹೋದದ್ದೂ ಹಾಗೇ ಅನ್ನುವ ವಾದ ಗೆದ್ದಿತು.

ನಮ್ಮಲ್ಲಿ ಕಾಯ್ದೆ ಆದದ್ದು 1923ರಲ್ಲಿ, ಜಾರಿ 1924ರ ಜುಲೈ 1ರಿಂದ. ಆಗ ಈ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಗಿರಣಿ, ಹಡಗು ಅಂತ ಜನ ಅಲ್ಲಿಗೇ ದುಡಿಯಲು ಹೋಗುತ್ತಿದ್ದರು. ಅಂಕೋಲೆಯ ದಿನಕರ ದೇಸಾಯಿಯವರನ್ನು ನಾವು ಚುಟುಕಕ್ಕೆ, ಶಾಲೆ ಕಾಲೇಜುಗಳಿಗೆ ನೆನೆಯುತ್ತೇವೆ. ಮುಂಬೈಯಲ್ಲಿ ಹಡಗು ಕಾರ್ಮಿಕರ ನಡುವೆ ಅವರು ಮಾಡಿದ ಕೆಲಸ ಯಾರಿಗೂ ನೆನಪಿಲ್ಲ. ಇರಲಿ, ಎಲ್ಲಿಗೋ ಹೋದೆ.

ಹುಡುಗನ ಬಾಂಡ್ ಪೇಪರಿಗೆ ಬರುತ್ತೇನೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಆ ಮಟ್ಟಿಗೆ ಅಸಿಂಧು ಎಂದು ಕಾಯ್ದೆಯ 17ನೇ ಕಲಮಿನಲ್ಲೇ ಇದೆ. ಹಾಗಿದ್ದ ಮೇಲೆ ಸಹಿ ಮಾಡಿದರೇನು ಅಂತ ಕೇಳಬೇಡಿ. ಆ ಪೇಪರು ಎದುರಿನವರ ಕೈಯಲ್ಲಿದ್ದರೆ ಅಪಘಾತ ಎಲ್ಲಾಯಿತು, ಇವ ನಮ್ಮ ಆಳೇ ಹೌದೋ ಅಲ್ಲವೋ ಅಂತೆಲ್ಲ ಎಳೆದಾಡುತ್ತಾರೆ. ಸುಮ್ನೆ ವರ್ಷ ಕಳೆಯುತ್ತದೆ. ಅರ್ಜಿಗೆ ಈ 1923ರ ಕಾಯ್ದೆಯಲ್ಲಿ 2 ವರ್ಷದ ಗಡುವು. ಸಾವಿನ ಪ್ರಕರಣದಲ್ಲಂತೂ ಹಣ ಪರಿಹಾರದ ಅರ್ಜಿ ಕೇಳುವ ಆಯುಕ್ತರಲ್ಲಿ ಜಮಾ ಆಗಬೇಕು. ಆಸ್ಪತ್ರೆ ಜಗಲಿಯಲ್ಲಿ ಹೆಂಡತಿಯ ಕೈಗೆ ಕೊಟ್ಟ ಕವರು ಲೆಕ್ಕಕ್ಕಿಲ್ಲ, ಸಣ್ಣ ಮುಂಗಡ ಬಿಟ್ಟರೆ.

ಕೆಲವು ಎಚ್ಚರಿಕೆ. ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಇದ್ದವರ ದಾರಿ ಬೇರೆ, ಅವರು ಅಲ್ಲಿಯೇ ಕೇಳಬೇಕು. ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವವರ ವಿಷಯ ಇಷ್ಟು ಸರಳವಿಲ್ಲ. ಈಗ 1923ರ ಹಳೇ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ತಪ್ಪು ಕೇಳದ ತತ್ವ ಅದರಲ್ಲೂ ಉಂಟು. ಆದರೆ ನಿಮ್ಮ ಅಪಘಾತಕ್ಕೆ ಯಾವುದು ಅನ್ವಯ ಅನ್ನುವುದನ್ನು ದಿನಾಂಕ ನೋಡಿ ಹೇಳಬೇಕು. ಇದನ್ನು ಓದಿ ನೀವೇ ಲೆಕ್ಕ ಹಾಕಿಕೊಂಡು ಜಗಳಕ್ಕೆ ಹೋಗಬೇಡಿ.

ಗುತ್ತಿಗೆದಾರರಿಗೂ ಹೆದರಿಕೆ ಇರುತ್ತದೆ. ಮೊನ್ನೆ ಒಬ್ಬರು ಬಂದಿದ್ದರು, ಗಾರೆ ಕೆಲಸದಿಂದ ಮೇಲೆ ಬಂದ ಮನುಷ್ಯ. "ಪರಿಹಾರ ಕೊಟ್ರೆ ತಪ್ಪು ಒಪ್ಪಿಕೊಂಡ ಹಾಗಾಗೋದಿಲ್ವಾ?" ಅಂದರು. ಆಗುವುದಿಲ್ಲ ಮಾರಾಯರೇ, ನಿಮ್ಮ ತಪ್ಪನ್ನೂ ಈ ಕಾಯ್ದೆ ಕೇಳುವುದಿಲ್ಲ, ವಿಮೆ ಮಾಡಿಸಿದ್ದರೆ ಕಂಪನಿಯವರು ಕೊಡುತ್ತಾರೆ ಅಂದೆ. ಅವರ ಮುಖ ಅರಳಿತು. ಪಾಲಿಸಿ ಇದೆಯಂತೆ. ತರಿಸಿ ನೋಡಿದೆ. ಪಾಲಿಸಿಯಲ್ಲಿ ಎಂಟು ಜನ ಕೆಲಸಗಾರರು, ಸೈಟಿನಲ್ಲಿ ಮೂವತ್ತು.