ಉಗ್ಗಿಗೆ ಭಯ ಕಾರಣವಲ್ಲ ಅಂದಮೇಲೆ ಸ್ಪೀಚ್ ಥೆರಪಿಸ್ಟ್‌ಗೆ ಮನಸ್ಸಿನ ಪಾಠ ಯಾಕೆ?

ಪ್ರಶ್ನೆ: ಉಗ್ಗು ಮಾನಸಿಕ ಕಾಯಿಲೆ ಅಲ್ಲ ಎಂದು ನೀವೇ ಹೇಳುತ್ತೀರಿ. ಸ್ಪೀಚ್ ಥೆರಪಿಸ್ಟ್‌ಗಳಿಗೆ ಮನಶ್ಶಾಸ್ತ್ರದ ತರಬೇತಿ ಬೇಕೇ ಬೇಕು ಎಂದೂ ಹೇಳುತ್ತೀರಿ. ಭಯ ಹೋದರೆ ಉಗ್ಗೂ ಹೋಗುತ್ತದೆ ಅಂತ ತಾನೇ ಇದರ ಅರ್ಥ?

ಉತ್ತರ: ಅಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಬರೆಯುತ್ತೇನೆ. ಈ ಒಂದು ತಪ್ಪು ನಂಬಿಕೆಯಿಂದ ನೋವು ತಿನ್ನುವವರು ಉಗ್ಗುವವರು ಮತ್ತು ಅವರ ಅಪ್ಪ ಅಮ್ಮ.

ಉಗ್ಗು ಹೆಚ್ಚಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ. ಆಗಷ್ಟೇ ಪದಕ್ಕೆ ಪದ ಜೋಡಿಸುತ್ತಿರುವ ಮಗುವಿಗೆ 'ಜನ ಏನಂದುಕೊಳ್ಳುತ್ತಾರೋ' ಎಂಬ ಅಳುಕು ಎಲ್ಲಿಂದ ಬರಬೇಕು? ಉಗ್ಗು ಎಷ್ಟೋ ಮನೆತನಗಳಲ್ಲಿ ಹರಿದು ಬರುತ್ತದೆ. ಒಂದೇ ರೂಪದ ಅವಳಿಗಳಲ್ಲಿ ಇಬ್ಬರಿಗೂ ಬರುವುದು ಬೇರೆ ರೂಪದ ಅವಳಿಗಳಿಗಿಂತ ಜಾಸ್ತಿ. 2010ರಲ್ಲಿ ಅಮೆರಿಕದ ತಳಿವಿಜ್ಞಾನಿ ಡೆನಿಸ್ ಡ್ರೇನಾ ಅವರ ತಂಡ ಉಗ್ಗಿಗೆ ಸಂಬಂಧಿಸಿದ ಮೂರು ಜೀನ್‌ಗಳನ್ನು ಗುರುತಿಸಿತು. ಮಾತನ್ನು ಹೊಂದಿಸುವ ಮೆದುಳಿನ ಜಾಲದಲ್ಲೂ ಸಣ್ಣ ವ್ಯತ್ಯಾಸಗಳು ಕಂಡಿವೆ.

'ಆದರೆ ಗಾಬರಿಯಾದಾಗ ಉಗ್ಗು ಜಾಸ್ತಿ ಆಗುತ್ತಲ್ಲ?' ಆಗುತ್ತದೆ. ಪೆಟ್ಟಾದ ಕಾಲು ಏರು ಹತ್ತುವಾಗ ಜಾಸ್ತಿ ಕುಂಟುತ್ತದೆ. ಹಾಗಂತ ಕಾಲಿನ ಪೆಟ್ಟಿಗೆ ಏರೇ ಕಾರಣ ಅನ್ನುತ್ತೇವಾ? 'ಹಾಡುವಾಗ ಉಗ್ಗುವುದಿಲ್ಲವಲ್ಲ?' ಹೌದು, ಹಾಡಿನಲ್ಲಿ ಪದ, ತಾಳ, ಎಳೆತ ಎಲ್ಲ ಮೊದಲೇ ಗೊತ್ತು. ಮೆದುಳಿನ ಕೆಲಸ ಹಗುರ. ಅದು ಧೈರ್ಯದಿಂದ ಆಗುವುದಾಗಿದ್ದರೆ ನಡುಗುತ್ತಾ ವೇದಿಕೆ ಹತ್ತಿದವರು ಹಾಡುವಾಗಲೂ ಉಗ್ಗಬೇಕಿತ್ತು.

ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? 2008ರಲ್ಲಿ ಆಸ್ಟ್ರೇಲಿಯಾದ ರಾಸ್ ಮೆಂಜೀಸ್ ಮತ್ತು ಸಂಗಡಿಗರು ಉಗ್ಗುವ ದೊಡ್ಡವರ ಮೇಲೆ ನಡೆಸಿದ ಅಧ್ಯಯನ ಹೊರಬಂತು. ಎಲ್ಲರಿಗೂ ಮಾತಿನ ಚಿಕಿತ್ಸೆ ಸಿಕ್ಕಿತು. ಕೆಲವರಿಗೆ ಅದರ ಜೊತೆಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಚಿಕಿತ್ಸೆಯೂ ಸಿಕ್ಕಿತು. ಸಿಬಿಟಿ ಪಡೆದವರ ಭಯ ಇಳಿಯಿತು, ತಪ್ಪಿಸಿಕೊಳ್ಳುವುದು ಕಡಿಮೆಯಾಯಿತು. ಉಗ್ಗು ಮಾತ್ರ ಇನ್ನೊಂದು ಗುಂಪಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಭಯವೇ ಬೇರು ಆಗಿದ್ದರೆ ಬೇರು ಕಿತ್ತಮೇಲೆ ಗಿಡ ಒಣಗಬೇಕಿತ್ತು, ಅಲ್ವಾ?

ಹಾಗಾದರೆ ಆ ಸಿಬಿಟಿ ವ್ಯರ್ಥವೇ? ಖಂಡಿತ ಅಲ್ಲ. ಭಯ ಉಗ್ಗಿನ ಕಾರಣವಲ್ಲ, ಫಲ. ವರ್ಷಗಟ್ಟಲೆ ನಗು, ಅವಸರ, 'ನಿಧಾನವಾಗಿ ಹೇಳು' ಎಂಬ ಉಪದೇಶ ಕೇಳಿದವರಲ್ಲಿ ಅದು ಬೆಳೆಯುತ್ತದೆ. 'ಮಂಗಳವಾರ' ಎನ್ನಲಾಗದೆ 'ಸೋಮವಾರದ ಮರುದಿನ' ಎನ್ನುತ್ತಾರೆ. ಫೋನ್ ಎತ್ತುವುದಿಲ್ಲ. ಉತ್ತರ ಗೊತ್ತಿದ್ದೂ 'ಗೊತ್ತಿಲ್ಲ' ಎನ್ನುತ್ತಾರೆ. ಸ್ವಂತ ಹೆಸರಿಗೆ ಬದಲಿ ಪದವೂ ಇರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ ಉಗ್ಗನ್ನು ನೀರಿನಲ್ಲಿ ತೇಲುವ ಹಿಮಬಂಡೆಗೆ ಹೋಲಿಸಿದ್ದು ಇದಕ್ಕೇ. ಕೇಳಿಸುವುದು ಮೇಲಿನ ತುದಿ. ನಾಚಿಕೆ, ಭಯ, ಬಚ್ಚಿಡುವಿಕೆ ನೀರಿನ ಕೆಳಗೆ.

ಈಗ ತರಬೇತಿಗೆ ಬರೋಣ. ಮಾತಿನ ಬಗ್ಗೆ ಬಂದವರು ಕೂರುವುದು ಸ್ಪೀಚ್ ಥೆರಪಿಸ್ಟ್ ಎದುರು. ಅಲ್ಲೇ ಅವರು ಅಳುವುದು. ನಿಮಿಷಕ್ಕೆ ಎಷ್ಟು ಸಲ ಉಗ್ಗಿದರು ಎಂದು ಎಣಿಸಲಷ್ಟೇ ಕಲಿತ ಥೆರಪಿಸ್ಟ್ ಆ ಗಳಿಗೆಯಲ್ಲಿ ಏನು ಮಾಡಬೇಕು? ಹಾಗಾಗಿ ಮೊದಲ ಪಾಠ ಸುಮ್ನೆ ಕೇಳುವುದು. ಆಮೇಲೆ ಹೆದರಿಕೆಯ ಹಿಂದಿರುವ ಯೋಚನೆಯನ್ನು ಕೆದಕಿ ಕೇಳುವುದು, ಆಮೇಲೆ ಅದನ್ನು ಪರೀಕ್ಷೆಗೆ ಒಡ್ಡುವುದು. 'ಉಗ್ಗಿದರೆ ಎಲ್ಲರೂ ನಗುತ್ತಾರೆ' ಅನ್ನುವವರು ಆ ಊಹೆಯನ್ನು ಬರೆದಿಟ್ಟು, ಹೊರಗೆ ಹೋಗಿ ಬೇಕೆಂದೇ ಉಗ್ಗಿ, ನಿಜಕ್ಕೂ ಎಷ್ಟು ಜನ ನಕ್ಕರು ಎಂದು ನೋಡಿ ಬರುತ್ತಾರೆ. ಇದನ್ನು ಮುಂದೆ ಹೇಳಿಕೊಡಬೇಕಾದ ಸ್ಪೀಚ್ ಥೆರಪಿ ವಿದ್ಯಾರ್ಥಿ ಮೊದಲು ತಾನೇ ಮಾಡಿರಬೇಕು. ಅಪರಿಚಿತರ ಎದುರು ಬೇಕೆಂದೇ ಉಗ್ಗಿ ಬಂದ ದಿನ ವಿದ್ಯಾರ್ಥಿಗಳ ಮುಖ ನೋಡಬೇಕು. ಪುಸ್ತಕದ ನೂರು ಪುಟ ಕಲಿಸದ್ದನ್ನು ಅರ್ಧ ಗಂಟೆ ಕಲಿಸಿರುತ್ತದೆ. ನನಗೆ ಹೆಮ್ಮೆ ಅನ್ನಿಸುವ ಪಾಠ ಅದು. ತನ್ನ ಮಿತಿ ಅರಿಯುವುದೂ ತರಬೇತಿಯೇ. ತೀವ್ರ ಖಿನ್ನತೆಯೋ ಸಾಯುವ ಮಾತೋ ಕಂಡರೆ ತಡಮಾಡದೆ ಮನೋವೈದ್ಯರ ಬಳಿ ಕಳಿಸಬೇಕು.

ತರಬೇತಿ ಇಲ್ಲದ ಮಾತು ಎಷ್ಟು ಗಾಯ ಮಾಡಬಲ್ಲದು ಎನ್ನುವುದಕ್ಕೆ 1939ರಲ್ಲಿ ಅಮೆರಿಕದ ಅಯೋವಾದಲ್ಲಿ ನಡೆದ ಪ್ರಯೋಗ ನೋಡಿ. ಅದರಲ್ಲಿದ್ದದ್ದು 22 ಅನಾಥ ಮಕ್ಕಳು. ಚೆನ್ನಾಗಿ ಮಾತಾಡುತ್ತಿದ್ದ ಕೆಲವರಿಗೆ 'ನೀನು ಉಗ್ಗುತ್ತೀಯ' ಎಂದು ಹೇಳಿ ಹೇಳಿ ತಿದ್ದಿದರು. ಆ ಮಕ್ಕಳು ಮಾತಾಡಲು ಹಿಂಜರಿದರು, ಮುದುರಿಕೊಂಡರು. ಆದರೆ ಅವರಿಗೆ ಉಗ್ಗು ಹುಟ್ಟಿತೆನ್ನಲು ಆಧಾರವಿಲ್ಲ ಎಂದು ಮುಂದೆ ಆ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು ಬರೆದರು. ಆ ಮಾತುಗಳು ಹುಟ್ಟಿಸಿದ್ದು ಭಯವನ್ನು. 2001ರಲ್ಲಿ ಅಯೋವಾ ವಿಶ್ವವಿದ್ಯಾಲಯ ಕ್ಷಮೆ ಕೇಳಿತು.

ಇದನ್ನು ಬರೆಯುವಾಗ ಇನ್ನೊಂದು ವಿಷಯ ನೆನಪಾಯಿತು. ಉಗ್ಗುವವರೇ ಸ್ಪೀಚ್ ಥೆರಪಿಸ್ಟ್ ಆಗಬಹುದಾ? ಯಾಕಾಗಬಾರದು? ಬೇಕೆಂದೇ ಉಗ್ಗುವ ಅಭ್ಯಾಸವನ್ನು ಚಿಕಿತ್ಸೆಯಲ್ಲಿ ಬಳಸಿದ ಅಮೆರಿಕದ ಸ್ಪೀಚ್ ಥೆರಪಿಸ್ಟ್ ಚಾರ್ಲ್ಸ್ ವಾನ್ ರೈಪರ್ ಸ್ವತಃ ಉಗ್ಗುತ್ತಿದ್ದರು. ಶೀಹನ್ ಕೂಡ. ಅಯೋವಾ ಪ್ರಯೋಗದ ಹಿಂದಿದ್ದ ವೆಂಡೆಲ್ ಜಾನ್ಸನ್ ಕೂಡ. ಹಾಗಾಗಿ ಉಗ್ಗುವ ವಿದ್ಯಾರ್ಥಿಗಳಿಗೆ ನಾನು ಒಂದು ಮಾತು ಜಾಸ್ತಿ ಹೇಳುತ್ತೇನೆ: ಎದುರು ಕೂತವರ ಭಯ ನಿಮ್ಮ ಭಯದ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ, ಅವರನ್ನೇ ಕೇಳಿ.