ವಿಚಾರ ಭಾಳ ಆಗ್ಯಾವ್ರಿ

ಗಂಗಾವತಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡವ್ವನಿಗೆ ಈಗ ಎಂಬತ್ತು. ಎರಡು ವರ್ಷದಿಂದ ಅವಳದು ಒಂದೇ ತಕರಾರು: ‘ಎದಿ ಝಲ್ ಅಂತೈತಿ, ತಲಿ ಧಿಮ್ ಅಂತೈತಿ, ರಾತ್ರಿ ನಿದ್ದಿ ಇಲ್ಲ.’ ಇಸಿಜಿ ಆಯಿತು, ರಕ್ತ ಪರೀಕ್ಷೆ ಆಯಿತು, ಮೂರು ಕಡೆ ಗ್ಯಾಸಿನ ಗುಳಿಗೆ ಬರೆಸಿಕೊಂಡದ್ದೂ ಆಯಿತು. ನಾಲ್ಕನೆಯ ಕಡೆ ಸಿಕ್ಕ ಆಪ್ತಸಮಾಲೋಚಕಿ ಮಾತ್ರ, ‘ಅವ್ವಾರ, ಒಬ್ಬರ ಕುಂತಾಗ ಏನ್ ಅನಸ್ತೈತ್ರಿ?’ ಎಂದು ಕೇಳಿದರು. ‘ವಿಚಾರ ಭಾಳ ಆಗ್ಯಾವ್ರಿ’ ಅಂದಳು ದೊಡ್ಡವ್ವ. ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಹಿಂದಿನ ಯಾವ ಚೀಟಿಯಲ್ಲೂ ಅದರ ಸುದ್ದಿ ಇರಲಿಲ್ಲ.

ಖಿನ್ನತೆ ಅನ್ನುವುದು ನಮ್ಮ ಕಡೆ ಪೇಪರಿನ ಪದ. ಬಾಯಲ್ಲಿ ಬರುವುದು ‘ವಿಚಾರ’. ಜಿಂಬಾಬ್ವೆಯ ಶೋನಾ ಭಾಷೆಯವರೂ ಇದನ್ನು ‘ಕುಫುಂಗಿಸಿಸಾ’ ಅನ್ನುತ್ತಾರೆ. ಅತಿಯಾಗಿ ವಿಚಾರ ಮಾಡುವುದು ಅಂತಲೇ ಅದರ ಅರ್ಥ. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡಾ ಊರಿನ ಅಜ್ಜಿಯರಿಗೇ ತರಬೇತಿ ಕೊಟ್ಟು ದವಾಖಾನೆ ಅಂಗಳದ ಬೆಂಚಿನ ಮೇಲೆ ಕೂರಿಸಿದರು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಅಜ್ಜಿಯರ ಜತೆ ಮಾತಾಡಿದವರು ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು.

ಬರೀ ಮಾತಿನಿಂದ ರೋಗ ವಾಸಿಯಾದೀತೇ? ಮನೋಚಿಕಿತ್ಸೆಯ ಮಾತಿಗೂ ‘ಧೈರ್ಯ ತಗೋ’ ಅನ್ನುವ ಬೀಗರ ಮಾತಿಗೂ ಅಜಗಜಾಂತರ. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮಾಡಿ ತೋರಿಸಿದ ವಿಧಾನವನ್ನೇ ನೋಡಿ. ಮನಸ್ಸು ಕುಗ್ಗಿದವನು ಮೊದಲು ಕಟ್ಟೆಗೆ ಹೋಗುವುದನ್ನು ಬಿಡುತ್ತಾನೆ. ಕಟ್ಟೆ ಬಿಟ್ಟರೆ ನಗು, ಹರಟೆ ತಪ್ಪುತ್ತದೆ. ನಗು ತಪ್ಪಿದ ಮೇಲೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ, ಮರುದಿನ ಹಾಸಿಗೆಯಿಂದ ಏಳುವುದೇ ಬೇಡ ಅನ್ನಿಸುತ್ತದೆ. ಈ ಗಾಣವನ್ನು ತಿರುವುಮುರುವು ಓಡಿಸಬೇಕು. ಮನಸ್ಸು ಸರಿಯಾಗಲಿ, ಆಮೇಲೆ ಹೋಗೋಣ ಎಂದು ಕಾಯುವ ಹಾಗಿಲ್ಲ. ಮನಸ್ಸಿಲ್ಲದಿದ್ದರೂ ನಾಳೆ ಏಳು ಗಂಟೆಗೆ ಹೋಟೆಲಿಗೆ ಹೋಗಿ ಒಗ್ಗರಣಿ ಮಿರ್ಚಿ ತಿಂದು ಬರುವುದು, ಬಂದ ಮೇಲೆ ಹೇಗನ್ನಿಸಿತು ಎಂದು ಗುರುತು ಹಾಕಿಕೊಳ್ಳುವುದು. ಆರೆಂಟು ಭೇಟಿಯ ಕೆಲಸ ಅಷ್ಟೆ. ಅಲ್ಲಿ ಇದನ್ನು ಮಾಡಿದವರು ತರಬೇತಿ ಪಡೆದ ಸಾಮಾನ್ಯ ಜನ, ಡಾಕ್ಟರರಲ್ಲ. ಮೆಣಸಿನಕಾಯಿ ರೇಟು ಬಿದ್ದು, ಸಾಲ ಮೈಮೇಲೆ ಬಂದು, ಮನೆಯಲ್ಲಿ ಯಾರಿಗೂ ಹೇಳದೆ ಒಳಗೇ ಬೇಯುವ ಗಂಡಸಿಗೆ ‘ಬಾ, ಮನಸ್ಸು ಬಿಚ್ಚಿ ಮಾತಾಡು’ ಅಂದರೆ ಬರುವುದಿಲ್ಲ. ಮಾಡಲು ಏನಾದರೂ ಕೊಟ್ಟರೆ ಬಂದಾನು.

ಆದರೆ ಏಳು ವರ್ಷದ ಮಗುವಿಗೆ ಇದು ನಡೆಯದು. ಅಪ್ಪ-ಅವ್ವ ಬೆಂಗಳೂರಿಗೆ ಗುಳೆ ಹೋಗಿ, ಅಜ್ಜಿಯ ಹತ್ತಿರ ಉಳಿದ ಹುಡುಗಿ ಹಾಸಿಗೆಯಲ್ಲಿ ಉಚ್ಚೆ ಹೊಯ್ಯಲು ಶುರುಮಾಡುತ್ತಾಳೆ ಅಂದುಕೊಳ್ಳಿ. ಯಾಕೆ ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಮಗುವಿನ ಮಾತು ಆಟದಲ್ಲಿರುತ್ತದೆ. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲೇ ಆಟದ ಚಿಕಿತ್ಸೆಯನ್ನು ವಿವರವಾಗಿ ಬರೆದಿದ್ದರು: ಗೊಂಬೆಗಳನ್ನು ಮುಂದಿಟ್ಟು, ದಾರಿ ತೋರಿಸದೆ, ಮಗು ಕರೆದೊಯ್ದ ಕಡೆ ಹೋಗುವುದು. ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರದ ಬಣ್ಣದ ಗೊಂಬೆ ಮಾಡುತ್ತಾರಲ್ಲ, ಅಂಥ ನಾಲ್ಕು ಗೊಂಬೆ ಸಾಕು. ಅಪ್ಪನ ಗೊಂಬೆಯನ್ನು ಹುಡುಗಿ ಪ್ರತಿ ಸಲ ಬಾಗಿಲ ಆಚೆಗೆ ಇಟ್ಟು, ಮತ್ತೆ ಹೋಗಿ ಎತ್ತಿಕೊಂಡು ಬಂದರೆ, ಕೂತು ನೋಡುವವರಿಗೆ ಅಷ್ಟು ಮಾತು ಬೇಕಾದಷ್ಟಾಯಿತು.

ಪಿಯುಸಿ ಹುಡುಗರ ವಿಷಯದಲ್ಲಿ ಮೊದಲು ಬೇಕಾದದ್ದು ಮುಚ್ಚಿದ ಬಾಗಿಲು. ಹೇಳಿದ್ದು ಅಪ್ಪನ ಕಿವಿಗೆ ಹೋಗುವುದಿಲ್ಲ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಮನೆಯವರಿಗೆ ತಿಳಿಸುತ್ತೇವೆ ಎಂಬ ಮಾತು ಮೊದಲ ದಿನವೇ ಆಗಬೇಕು. ಬಾಣಂತಿಯದು ಇದಕ್ಕೆ ತದ್ವಿರುದ್ಧ, ಅಲ್ಲಿ ಇಡೀ ಮನೆಯನ್ನೇ ಕೂರಿಸಿಕೊಳ್ಳಬೇಕು. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರು ಖಿನ್ನತೆಯ ಗರ್ಭಿಣಿಯರ ಮನೆಗೆ ಹೋಗಿ ಇಂಥ ಮಾತುಕತೆ ನಡೆಸಿದರು. ಹೆರಿಗೆಯಾಗಿ ಆರು ತಿಂಗಳಿಗೆ ಅವರಲ್ಲಿ ಖಿನ್ನತೆ ಉಳಿದದ್ದು ಶೇ. 23ರಷ್ಟು ತಾಯಂದಿರಲ್ಲಿ, ಮಾತುಕತೆ ಇಲ್ಲದ ಬರೀ ಭೇಟಿ ಕಂಡವರಲ್ಲಿ ಶೇ. 53. ಇದು 2008ರಲ್ಲಿ ಪ್ರಕಟವಾದ ಲೆಕ್ಕ.

ಇಷ್ಟೆಲ್ಲ ಹೊರಗಿನ ಉದಾಹರಣೆ ಕೊಡುವಾಗ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ಯಾಕೆಂದರೆ ದಾರಿ ಹಾಕಿದವರಲ್ಲಿ ನಾವೂ ಇದ್ದೆವು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯನ್ನೇ ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ, ಮೂರ್ಛೆರೋಗ ಗುರುತಿಸಿ ಔಷಧಿ ಕೊಡುವುದನ್ನು ಕಲಿಸಿತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಗುಳಿಗೆ ಹಳ್ಳಿ ಮುಟ್ಟಿದ್ದು ಸಣ್ಣ ಸಾಧನೆಯೇನಲ್ಲ. ತೀವ್ರ ಕಾಯಿಲೆಗೆ ಅದಿಲ್ಲದೆ ಆಗುವುದೂ ಇಲ್ಲ. ಮಾತು ಮಾತ್ರ ಹಿಂದೆ ಬಿತ್ತು. ಈಗ 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ದೊಡ್ಡವ್ವನಿಗೆ ಮತ್ತೆ ಬರುತ್ತೇನೆ. ಮುದುಕರು ಹಳೆಯದನ್ನೇ ಮತ್ತೆ ಮತ್ತೆ ಹೇಳುವುದನ್ನು ಅರಳುಮರುಳು ಎಂದು ತಳ್ಳಿಹಾಕುವ ಕಾಲದಲ್ಲಿ, 1963ರಲ್ಲಿ, ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಅದನ್ನು ‘ಬಾಳಿನ ಮರುನೋಟ’ ಎಂದು ಕರೆದರು. ಬಾಳಿದ್ದನ್ನೆಲ್ಲ ಹರವಿ, ತೀರದ ಲೆಕ್ಕ ತೀರಿಸಿಕೊಳ್ಳುವ ಮನಸ್ಸಿನ ಕೆಲಸ ಅದು. ಸಮಾಲೋಚಕಿ ಇದನ್ನೇ ಹಿಡಿದರು. ಗಂಡನ ಸಾವಿನ ಬಗ್ಗೆ ಕೇಳಲೇ ಇಲ್ಲ. ‘ಸಣ್ಣಾಕಿದ್ದಾಗ ನಿಮ್ಮೂರು ಹೆಂಗಿತ್ರಿ?’ ಅಂದರು. ತುಂಗಭದ್ರಾ ಕಾಲುವೆಗೆ ಮೊದಲ ಸಲ ನೀರು ಬಂದದ್ದು, ಹೆಂಗಸರು ಕುಂಕುಮ-ಭಂಡಾರ ಹಿಡಿದು ಓಡಿದ್ದು, ನವಣೆ ಹೊಲ ನೆಲ್ಲಿನ ಗದ್ದೆಯಾದದ್ದು, ಆ ಗದ್ದೆಯ ಬದುವಿನ ಮೇಲೆ ದೊಡ್ಡಪ್ಪನನ್ನು ಮೊದಲು ಕಂಡದ್ದು, ಎಲ್ಲ ಒಂದೊಂದಾಗಿ ಬಂತು. ಬದುವಿನ ಹತ್ತಿರ ಬಂದಾಗ ಅತ್ತಳು.

ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಳು: ‘ಗುಳಿಗಿ ಬರದೇ ಇಲ್ಲಲ್ಲೋ ತಮ್ಮಾ ಆಕಿ?’

ಇಲ್ಲವೆಂದೆ.

‘ಇರ್ಲಿ ಬಿಡು. ಬರೂ ಸೋಮವಾರ ನಿನಗ ಆಗಲಿಲ್ಲಂದ್ರ ಒಬ್ಬಾಕೀನ ಬರ್ತೀನಿ. ಇನ್ನೂ ಲಗ್ನದ್ದ ಹೇಳಿಲ್ಲ ಆಕಿಗೆ.’